ಬರೆಯುವ ಸಂಕಲ್ಪ ಮಾಡಿದವರಿಗೆ ಯಾವ ಪುಸ್ತಕ?

(ಸಂಘದ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ಮುಂಬಯಿಯಲ್ಲಿರುವ ನಮಗೆ ಹೊಸ ವರ್ಷ ಎರಡು ಸಲ ಬರುತ್ತದೆ. ಡಿಸೆಂಬರ್ ೩೧ರ ರಾತ್ರಿ ಬರುವುದು ಗಿರಾಕಿಗಳ ಹೊಸ ವರ್ಷ. ಆ ರಾತ್ರಿ ಹೋಟೆಲಿನ ನಮ್ಮವರಿಗೆ ಸಂಕಲ್ಪ ಮಾಡುವುದಿರಲಿ, ಕುಳಿತುಕೊಳ್ಳುವುದಕ್ಕೂ ಪುರುಸೊತ್ತಿಲ್ಲ. ಕೊನೆಯ ಮೇಜನ್ನು ಒರಸಿ, ಗಲ್ಲೆಯ ಲೆಕ್ಕ ಮುಗಿದು, ಚಾಪೆ ಬಿಚ್ಚುವ ಹೊತ್ತಿಗೆ ಹೊಸ ವರ್ಷಕ್ಕೆ ಆಗಲೇ ಎರಡು ಮೂರು ಗಂಟೆ ವಯಸ್ಸಾಗಿರುತ್ತದೆ. ನಮ್ಮದೆಂಬ ಹೊಸ ವರ್ಷ ಆಮೇಲೆ, ಯುಗಾದಿಗೋ ಬಿಸುವಿಗೋ ಬರುತ್ತದೆ. ಆದರೂ ಜನವರಿಯೆಂದರೆ ಸಂಕಲ್ಪದ ತಿಂಗಳೆಂದು ಊರೆಲ್ಲ ಒಪ್ಪಿರುವಾಗ ನಾವು ಮಾತ್ರ ಏಕೆ ಹಿಂದೆ ಉಳಿಯಬೇಕು? ಬೀಡಿ ಬಿಡುವವರು, ಊರಿಗೆ ತಪ್ಪದೆ ಹಣ ಕಳಿಸುತ್ತೇವೆನ್ನುವವರು, ನಿಂತ ಓದನ್ನು ಮತ್ತೆ ಹಿಡಿಯುವವರು, ಇವರ ನಡುವೆ ವರ್ಷಕ್ಕೆ ನಾಲ್ಕಾರು ಮಂದಿ ನಮ್ಮ ಬಳಿ ಬಂದು, ಸ್ವಲ್ಪ ನಾಚಿಕೆಯಿಂದಲೇ, ಒಂದು ಮಾತು ಕೇಳುತ್ತಾರೆ: “ಈ ವರ್ಷ ಏನಾದರೂ ಬರೆಯಬೇಕೆಂದಿದೆ. ಬರೆಯುವುದನ್ನು ಕಲಿಸುವ ಪುಸ್ತಕ ಯಾವುದಾದರೂ ಇದೆಯೇ ಸ್ವಾಮೀ?”

ಇಂದಿನ ನಮ್ಮ ಮಾತೆಲ್ಲ ಆ ನಾಲ್ಕಾರು ಮಂದಿಗೆ ಉತ್ತರ.

ಮೊದಲು, ಈ ಪ್ರಶ್ನೆಗೆ ನಾಚಬೇಕಾದ ಕಾರಣವೇ ಇಲ್ಲ. “ಬರೆಯುವುದನ್ನು ಪುಸ್ತಕ ನೋಡಿ ಕಲಿಯಲಾದೀತೆ, ಅದು ಹುಟ್ಟಿನಿಂದ ಬರಬೇಕು” ಎಂದು ನಗುವ ಪಂಡಿತರು ಒಂದು ಸಂಗತಿಯನ್ನು ಮರೆಯುತ್ತಾರೆ. ಇಂದು ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು ಯಾವುದು? ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಅದು ಕತೆಯಲ್ಲ, ಪುರಾಣವಲ್ಲ. ಬರೆಯುವವನಿಗೆ ಹೇಗೆ ಬರೆಯಬೇಕು, ಎಲ್ಲಿ ಎಡವಬಾರದು ಎಂದು ತಿಳಿಸುವ ಕೈಪಿಡಿ. ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಅದನ್ನು ರಚಿಸಿದನು. ನಮ್ಮ ಸಾಹಿತ್ಯದ ಬಾಗಿಲು ತೆರೆಯುವುದೇ ಒಂದು ಕೈಪಿಡಿಯಿಂದ. ಹೀಗಿರುವಾಗ ನಮ್ಮ ಕ್ಲೀನರ್ ಹುಡುಗ ಕೈಪಿಡಿ ಕೇಳಿದರೆ ತಪ್ಪೇನು?

ಆ ಗ್ರಂಥದ ಹಳಗನ್ನಡ ನಮಗೆ ನಿಮಗೆ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಓದಿರೆಂದು ನಾವು ಹೇಳುವುದೂ ಇಲ್ಲ. ಆದರೆ ಅದರೊಳಗಿನ ಒಂದು ಮಾತು ಅಡಿಗೆಮನೆಯವರಿಗೆ ಪಂಡಿತರಿಗಿಂತ ಚೆನ್ನಾಗಿ ತಿಳಿಯುವಂಥದು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹದವರಿಯದೆ ಒಂದೇ ಸಮಾಸದಲ್ಲಿ ಕೂಡಿಸಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಆಗುತ್ತದೆಂದು ಅಲ್ಲಿ ಹೇಳಿದೆ. ಬೆಳಗಿನ ಜಾವ ಚಹದ ಹಾಲನ್ನು ಒಲೆಯ ಮೇಲೆ ಇಟ್ಟು, ಪಾತ್ರೆ ಸರಿಯಾಗಿ ತೊಳೆಯದ ತಪ್ಪಿಗೆ ಅದು ಒಡೆದು, ಮಾಲಿಕರಿಂದ ಬೈಗುಳ ತಿಂದವರಿಗೆ ಇದಕ್ಕೆ ಟೀಕೆ ಬೇಕಿಲ್ಲ. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆ ಆಸ್ಥಾನದಲ್ಲಿ ಕುಳಿತು ಬರೆದವನಿಗೆ ಉಪಮಾನ ಸಿಕ್ಕಿದ್ದು ಒಲೆಯ ಮುಂದೆ! ಓದುಬರಹ ಕಲಿಯದ ಕನ್ನಡಿಗರಲ್ಲೂ ಕಾವ್ಯದ ಮರ್ಮ ಬಲ್ಲವರಿದ್ದಾರೆಂದು ಹೇಳಿದವನೂ ಅವನೇ. ಕನ್ನಡದ ಆಡುನುಡಿಗಳು ಎಷ್ಟು ಬಗೆಯೆಂದರೆ ಸಾವಿರ ಹೆಡೆಯ ವಾಸುಕಿಗೂ ಎಣಿಸಿ ಬೇಸರ ಬಂದೀತು ಎಂದೂ ಹೇಳಿದ್ದಾನೆ. ಅವನು ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಬಂದು ಕುಂದಾಪುರದವರು, ಧಾರವಾಡದವರು, ಸೊಲ್ಲಾಪುರದ ಕಡೆಯವರು ಒಟ್ಟಿಗೆ ಜಗಳವಾಡುವುದನ್ನು ಕೇಳಿದ್ದರೆ ತನ್ನ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಹಿಗ್ಗುತ್ತಿದ್ದನು.

ಈಗ ಆ ಒಡೆದ ಹಾಲಿನ ಮಾತನ್ನು ನಮ್ಮ ಬರಹಕ್ಕೆ ಹಚ್ಚಿ ನೋಡೋಣ. ನಮ್ಮವರು ಮಾತನಾಡುವಾಗ ಮಾತು ನೀರಿನಂತೆ ಹರಿಯುತ್ತದೆ. ಗಲ್ಲಾ, ಪಾಳಿ, ಖಾತೆ, ಬದಲಿ, ಜಾಬರ್, ಭೋಂಗಾ, ಚಾಳು, ಪಾರ್ಸೆಲ್, ಸಪ್ಲಾಯರ್, ಮೋರಿ: ಮರಾಠಿಯದೋ ಹಿಂದಿಯದೋ ಇಂಗ್ಲಿಷಿನದೋ ಎಂದು ಯಾರೂ ಕೇಳುವುದಿಲ್ಲ. ಅದೇ ಮನುಷ್ಯ ಲೇಖನಿ ಹಿಡಿದೊಡನೆ ‘ಮಾಣಿ’ ಹೋಗಿ ‘ಉಪಾಹಾರ ಗೃಹದ ಪರಿಚಾರಕ’ ಬರುತ್ತಾನೆ. ‘ಭೋಂಗಾ ಆಯಿತು’ ಎನ್ನುವಲ್ಲಿ ‘ಯಂತ್ರಾಲಯದ ಶಂಖನಾದವು ಮೊಳಗಿತು’ ಎಂದಾಗುತ್ತದೆ. ಹಾಲು ಒಡೆಯುವುದು ಇಲ್ಲಿ. ನಮ್ಮ ಪತ್ರಿಕೆಗೆ ಬರುವ ಬರಹಗಳಲ್ಲಿ ಅರ್ಧಕ್ಕರ್ಧ ಈ ರೋಗದಿಂದಲೇ ಸಾಯುತ್ತವೆಂದು ನಾವು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಮರಾಠಿಯಿಂದ ಬಂದ ಮಾತನ್ನು ಬರೆದರೆ ಕನ್ನಡಕ್ಕೆ ಕುಂದು ಎಂದು ಭಾವಿಸಬೇಡಿರಿ. ಕೆಲಸದ ಜಾಗದಲ್ಲಿ ನಮ್ಮ ಬಾಯಲ್ಲಿ ಸವೆದು ನುಣುಪಾದ ಮಾತೆಲ್ಲ ನಮ್ಮದೇ.

ಹಾಗಾದರೆ ಕೊಳ್ಳಬೇಕಾದ ಮೊದಲ ಪುಸ್ತಕ ಯಾವುದು? ಗೆರೆ ಹಾಕಿದ ಬರಿಯ ನೋಟುಬುಕ್ಕು. ಎರಡನೆಯದು ನಿಘಂಟು. ನೀವು ನಗುತ್ತೀರಿ, ನಗಿರಿ. ಕತೆ ಬರೆಯುವುದನ್ನು ಕಲಿಸುತ್ತೇವೆನ್ನುವ ಹತ್ತು ಪುಸ್ತಕಗಳಿಗಿಂತ ಕೈಯಲ್ಲಿ ಹಿಡಿಯಬಹುದಾದ ಒಂದು ನಿಘಂಟು ಮೇಲೆಂಬುದು ನಮ್ಮ ಅಭಿಪ್ರಾಯ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮೊದಲನೆಯದು ೧೯೭೦ರಲ್ಲಿ ಬಂದು ಕೊನೆಯದು ಬರುವಾಗ ೧೯೯೫. ಅದನ್ನು ಕೊಳ್ಳುವ ಶಕ್ತಿಯೂ ಇಡುವ ಜಾಗವೂ ನಮ್ಮ ಖೋಲಿಗಳಿಗಿಲ್ಲ. ವಾಚನಾಲಯದಲ್ಲಿ ನೋಡಿದರೆ ಸಾಕು. ಪರಿಷತ್ತೇ ಹೊರಡಿಸಿದ ‘ಸಂಕ್ಷಿಪ್ತ ಕನ್ನಡ ನಿಘಂಟು’ ಮಾತ್ರ ಟ್ರಂಕಿನಲ್ಲಿ ಬಟ್ಟೆಯ ಪಕ್ಕ ಮಲಗುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಿಸಿದ ಕಿಟ್ಟೆಲರ ನಿಘಂಟು ೧೮೯೪ರದು. ಅರ್ಥಗಳು ಇಂಗ್ಲಿಷಿನಲ್ಲಿರುವುದರಿಂದ ಎಲ್ಲರಿಗೂ ಒದಗದು. ಆದರೆ ಊರಲ್ಲಿ ಅಜ್ಜಿ ಆಡುತ್ತಿದ್ದ ಗಾದೆಯನ್ನು ಅಲ್ಲಿ ಕಂಡಾಗ ಆಗುವ ಸಂತೋಷಕ್ಕಾಗಿಯಾದರೂ ಒಮ್ಮೆ ತೆರೆಯಬೇಕು. ಫೋನು ಕೈಯಲ್ಲಿರುವ ಹುಡುಗರಿಗೆ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಬಿಟ್ಟಿಯಾಗಿಯೇ ಸಿಗುತ್ತದೆ. ವಿ. ಕೃಷ್ಣ ಎಂಬ ಒಬ್ಬರೇ ದಶಕಗಳ ಕಾಲ ಕುಳಿತು ಮಾಡಿದ ಕೆಲಸ ಅದು. ಇನ್ನು ನಮ್ಮಲ್ಲಿ ಮನೆಮಾತು ತುಳು, ಬರೆಯುವ ಮಾತು ಕನ್ನಡ ಎಂಬವರು ಬಹಳ. ಅವರು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟನ್ನು ಎಲ್ಲಾದರೂ ಕಂಡರೆ ಅರ್ಧ ಗಂಟೆ ಅದರ ಮುಂದೆ ಕುಳಿತು ಬರಲಿ. ತಾಯಿಯ ಮಾತನ್ನು ವಿದ್ವಾಂಸರು ಎಷ್ಟು ಗೌರವದಿಂದ ಬರೆದಿಟ್ಟಿದ್ದಾರೆಂದು ನೋಡಿದ ಮೇಲೆ ಬರೆಯುವ ಕೈಗೆ ಧೈರ್ಯ ಬರುತ್ತದೆ.

ನಿಘಂಟು ನೀರಸವೆನ್ನುವವರಿಗೆ ಎರಡು ಪುಸ್ತಕ. ಒಂದು, ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’. ‘ಪ್ರಜಾವಾಣಿ’ಯಲ್ಲಿ ೧೯೯೧ರಿಂದ ಅವರು ಓದುಗರ ಪದಸಂದೇಹಗಳಿಗೆ ಕೊಡುತ್ತ ಬಂದ ಉತ್ತರಗಳ ಸಂಗ್ರಹ. ಪರಿಷತ್ತಿನ ದೊಡ್ಡ ನಿಘಂಟಿನ ಕೆಲಸದಲ್ಲಿ ಆಯುಷ್ಯ ಸವೆಸಿ, ೨೦೨೧ರಲ್ಲಿ ೧೦೭ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರು, ಎಷ್ಟು ಸಣ್ಣ ಪ್ರಶ್ನೆಯನ್ನೂ ಸಣ್ಣದೆಂದು ತಳ್ಳಿದವರಲ್ಲ. ಇನ್ನೊಂದು, ಹುಬ್ಬಳ್ಳಿಯ ‘ಕಸ್ತೂರಿ’ಯಲ್ಲಿದ್ದ ಪಾ. ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’. ಒಂದೊಂದು ಪದದ ಹುಟ್ಟು, ಬಳಗ, ವಲಸೆ ಎಲ್ಲವನ್ನೂ ಅವರು ಹರಟೆಯಂತೆ ಹೇಳುತ್ತಾರೆ. ಪಾಳಿ ಮುಗಿಸಿ ಬಂದವನು ಎರಡು ಪುಟ ಓದಿ ಮಲಗಬಹುದು. ಮೊದಲಿನಿಂದ ಕೊನೆಯವರೆಗೆ ಓದಬೇಕೆಂಬ ಕಟ್ಟಳೆಯಿಲ್ಲ.

ಇಂಗ್ಲಿಷಿನಲ್ಲಿ ಇಂತಹ ಕೈಪಿಡಿಗಳು ರಾಶಿ ರಾಶಿ. ಹೊಸ ವರ್ಷ ಬಂತೆಂದರೆ ಅಂಗಡಿಯವರು ಅವನ್ನು ಮುಂದಿನ ಸಾಲಿಗೆ ತಂದು ಜೋಡಿಸುತ್ತಾರೆ. ಇಷ್ಟೇ ದಿನಗಳಲ್ಲಿ ಲೇಖಕನಾಗಿಸುತ್ತೇವೆಂದು ಹೇಳುವ ಪುಸ್ತಕಗಳನ್ನು ನಾವು ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತಿನ ಜೊತೆಗೇ ಇಡುತ್ತೇವೆ. ಒಳ್ಳೆಯವೂ ಇವೆ. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟ್ರಂಕ್ ಎಂಬ ಅಧ್ಯಾಪಕರು ೧೯೧೮ರಲ್ಲಿ ಮಾಡಿದ ಪುಟ್ಟ ಪುಸ್ತಕವನ್ನು ಅವರ ಶಿಷ್ಯ ಇ. ಬಿ. ವೈಟ್ ೧೯೫೯ರಲ್ಲಿ ತಿದ್ದಿ ಹೊರತಂದರು. ಅದರ ವ್ಯಾಕರಣ ಕನ್ನಡಕ್ಕೆ ಬೇಡ. ಬೇಡದ ಮಾತನ್ನು ಕತ್ತರಿಸಿ ಹಾಕು ಎಂಬ ಅದರ ಬುದ್ಧಿವಾದ ಮಾತ್ರ ಬೇಕು. ಜೂಲಿಯಾ ಕ್ಯಾಮೆರನ್ ಎಂಬವರ ೧೯೯೨ರ ಪುಸ್ತಕ ಬಹಳ ಹೆಸರು ಮಾಡಿದೆ. ಬೆಳಿಗ್ಗೆ ಎದ್ದೊಡನೆ, ಬೇರೆ ಯಾವ ಕೆಲಸಕ್ಕೂ ಮುಂಚೆ, ಮೂರು ಪುಟ ಬರೆಯಬೇಕೆಂಬುದು ಅಲ್ಲಿನ ನಿಯಮ. ಒಳ್ಳೆಯ ನಿಯಮವೇ. ಆದರೆ ನಾಲ್ಕೂವರೆಗೆ ಎದ್ದು ಇಡ್ಲಿ ಅಟ್ಟಕ್ಕೆ ಉರಿ ಹಾಕುವವನು ಮೂರು ಪುಟ ಬರೆಯುತ್ತ ಕುಳಿತರೆ ಏಳು ಗಂಟೆಯ ಗಿರಾಕಿಗೆ ಕಾಗದವನ್ನೇ ಬಡಿಸಬೇಕಾದೀತು! ಇಂತಹ ಪುಸ್ತಕಗಳನ್ನು ಬರೆದವರಿಗೆ ಸ್ವಂತ ಮೇಜಿದೆ, ಮುಚ್ಚುವ ಬಾಗಿಲಿದೆ. ನಮ್ಮ ಜನ ಅವನ್ನು ನಂಬಿ ಹೊರಟು, ನಾಲ್ಕನೆಯ ದಿನ ತಪ್ಪಿ, “ನಮ್ಮ ಹಣೆಯಲ್ಲಿ ಬರೆದಿಲ್ಲ” ಎಂದು ನೋಟುಬುಕ್ಕನ್ನು ಚೀಟಿ ಲೆಕ್ಕಕ್ಕೆ ಕೊಡುತ್ತಾರೆ. ಸಂಕ್ರಾಂತಿಯ ಎಳ್ಳು ಬೀರುವ ಮೊದಲೇ ಸಂಕಲ್ಪ ಮುಗಿಯುತ್ತದೆ. ಹಣೆಬರಹಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ವೇಳಾಪಟ್ಟಿ ನಮಗಾಗಿ ಹಾಕಿದ್ದಲ್ಲ, ಅಷ್ಟೆ.

ಈ ವಿಷಯದಲ್ಲಿ ಡೊರೋತಿಯಾ ಬ್ರ್ಯಾಂಡ್ ಎಂಬವರ ೧೯೩೪ರ ಪುಸ್ತಕದಲ್ಲಿ ನಮಗೆ ಒದಗುವ ಒಂದು ಉಪಾಯವಿದೆ. ಅವರೂ ಬೆಳಗಿನ ಬರವಣಿಗೆಯಿಂದಲೇ ಆರಂಭಿಸುತ್ತಾರೆ. ಆದರೆ ಮುಂದೆ ಇನ್ನೊಂದು ಹೇಳುತ್ತಾರೆ: ನಿನ್ನ ಆ ದಿನದ ಕೆಲಸವನ್ನೆಲ್ಲ ಮನಸ್ಸಿನಲ್ಲಿ ನೋಡಿಕೊ, ಎಲ್ಲಿ ಹದಿನೈದು ನಿಮಿಷ ಸಿಗುತ್ತದೆಂದು ಗುರುತು ಮಾಡಿಕೊ, ಆ ಹೊತ್ತಿಗೆ ಸರಿಯಾಗಿ ಕುಳಿತು ಬರೆ, ಸಾಲಗಾರನಿಗೆ ಕೊಟ್ಟ ವಾಯಿದೆಯಂತೆ ಅದನ್ನು ತಪ್ಪಿಸಬೇಡ. ಸಾಲಗಾರನ ಮಾತು ನಮ್ಮದು, ಉಪಾಯ ಅವರದು. ಹೋಟೆಲಿನಲ್ಲಿ ಊಟದ ಗದ್ದಲ ಇಳಿದು ಸಾಯಂಕಾಲದ ತಿಂಡಿ ಏಳುವ ಮೊದಲು, ಮೂರರಿಂದ ನಾಲ್ಕರ ನಡುವೆ ಒಂದು ಮೌನ ಇರುತ್ತದಲ್ಲ, ಎಲ್ಲರೂ ಮೂಟೆಗಳ ಮೇಲೆ ಕಾಲು ಚಾಚಿ ಫೋನು ನೋಡುವ ಆ ಹೊತ್ತು? ಅದರಲ್ಲಿ ಹದಿನೈದು ನಿಮಿಷ. ಕತೆಯೇ ಆಗಬೇಕೆಂದಿಲ್ಲ. ಆ ದಿನ ಯಾರು ಏನೆಂದರು ಎಂಬುದನ್ನು ಅವರಾಡಿದ ಮಾತಿನಲ್ಲೇ ಬರೆದಿಟ್ಟರೆ ಸಾಕು.

ಇನ್ನು, ಹೇಗೆ ಬರೆಯಬೇಕೆಂದು ನಿಯಮ ಹೇಳದೆ, ತಾನು ಹೇಗೆ ಬರೆಯುವವನಾದೆನೆಂದು ಹೇಳುವ ಪುಸ್ತಕಗಳಿವೆ. ನಮ್ಮಂಥವರಿಗೆ ನಿಜವಾದ ಕೈಪಿಡಿಗಳು ಅವು. ಅಮೆರಿಕದ ಸ್ಟೀಫನ್ ಕಿಂಗ್ ಇಂದು ಕೋಟ್ಯಧೀಶ್ವರ. ೨೦೦೦ದಲ್ಲಿ ಪ್ರಕಟವಾದ ತಮ್ಮ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಅವರು ಹೋಟೆಲುಗಳ ಹೊಲಸು ಮೇಜುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ದುಡಿದ ಕಾಲವನ್ನು ಮರೆಮಾಚದೆ ಬರೆದಿದ್ದಾರೆ. ಮೊದಲ ಕಾದಂಬರಿಯ ಹಾಳೆಗಳನ್ನು ಅವರು ಬುಟ್ಟಿಗೆ ಎಸೆದಾಗ ಹೆಕ್ಕಿ ತಂದು “ಮುಂದೆ ಬರೆಯಿರಿ” ಎಂದವರು ಹೆಂಡತಿ.

ರಷ್ಯದ ಮ್ಯಾಕ್ಸಿಂ ಗೋರ್ಕಿಯ ಕತೆ ಇದಕ್ಕಿಂತಲೂ ನಮಗೆ ಹತ್ತಿರ. ವೋಲ್ಗಾ ನದಿಯ ಉಗಿಹಡಗಿನಲ್ಲಿ ಪಾತ್ರೆ ತೊಳೆಯುವ ಹುಡುಗ ಅವನು. ಆ ಹಡಗಿನ ಅಡಿಗೆಯವನು ಸ್ಮೂರಿ ಎಂಬವನು. ದೊಡ್ಡ ಮೈ, ಒರಟು ಮಾತು, ಆದರೆ ಅವನ ಪೆಟ್ಟಿಗೆಯ ತುಂಬ ಪುಸ್ತಕ. ಹುಡುಗನಿಂದ ಗಟ್ಟಿಯಾಗಿ ಓದಿಸಿ ಕೇಳುವುದು ಅವನ ಹುಚ್ಚು. ಹುಡುಗನ ಪಾಲಿನ ಪಾತ್ರೆಗಳನ್ನು ಬೇರೆಯವರಿಗೆ ಹಚ್ಚಿ ಓದಿಸುತ್ತಿದ್ದನು. ಇದೆಲ್ಲ ಗೋರ್ಕಿಯ ಆತ್ಮಕಥೆಯ ಎರಡನೆಯ ಭಾಗದಲ್ಲಿ ಬರುತ್ತದೆ. ಮೂರನೆಯ ಭಾಗಕ್ಕೆ, ೧೯೨೩ರದು, ಅವನಿಟ್ಟ ಹೆಸರು ‘ನನ್ನ ವಿಶ್ವವಿದ್ಯಾಲಯಗಳು’. ಆ ವಿಶ್ವವಿದ್ಯಾಲಯಗಳಲ್ಲಿ ಒಂದು ರೊಟ್ಟಿ ಬೇಯಿಸುವ ನೆಲಮಾಳಿಗೆ. ಅವನು ೧೯೨೮ರಲ್ಲಿ ‘ನಾನು ಬರೆಯಲು ಕಲಿತದ್ದು ಹೇಗೆ’ ಎಂಬ ಪ್ರಬಂಧ ಪ್ರಕಟಿಸಿದನು. ಈಗ ನೀವು ನಮಗೆ ಕೇಳುವ ಪ್ರಶ್ನೆಯನ್ನೇ ಅಲ್ಲಿನ ಕಾರ್ಖಾನೆಗಳ ಹುಡುಗರು ಅವನಿಗೆ ಕೇಳುತ್ತಿದ್ದರು. ಅವರಿಗೆ ಅವನ ಉತ್ತರ ಅದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇದೇ ಮುಂಬಯಿಯಲ್ಲಿ, ಹೆತ್ತವರು ಯಾರೆಂದು ಗೊತ್ತಿಲ್ಲದ ಮಗುವೊಂದನ್ನು ಒಬ್ಬ ಗಿರಣಿ ಕಾರ್ಮಿಕ ಎತ್ತಿ ಸಾಕಿ ತನ್ನ ಹೆಸರು ಕೊಟ್ಟನು. ಆ ಮಗು ಬೆಳೆದು ಹೋಟೆಲಿನಲ್ಲಿ ಪಾತ್ರೆ ತೊಳೆಯಿತು, ಗಿರಣಿಯಲ್ಲಿ ದುಡಿಯಿತು, ಶಾಲೆಯಲ್ಲಿ ಜವಾನನಾಗಿ ಆಮೇಲೆ ಮಾಸ್ತರನಾಯಿತು. ಅವರೇ ಮರಾಠಿಯ ಕವಿ ನಾರಾಯಣ ಸುರ್ವೆ. ಮೊದಲ ಕವನ ಸಂಗ್ರಹ ೧೯೬೨ರಲ್ಲಿ. ೧೯೬೬ರ ಸಂಗ್ರಹಕ್ಕೆ ‘ಮಾಝೇ ವಿದ್ಯಾಪೀಠ’ ಎಂದು ಹೆಸರು. ಗೋರ್ಕಿಯ ಪುಸ್ತಕದ ಹೆಸರಿನೊಡನೆ ಇದನ್ನು ಇಟ್ಟು ನೋಡಿರಿ. ಸುರ್ವೆ ೨೦೧೦ರಲ್ಲಿ ತೀರಿಕೊಂಡರು. ಮರಾಠಿ ನಮ್ಮಲ್ಲಿ ಎಲ್ಲರಿಗೂ ಕಿವಿಯಿಂದ ಬಂದಿದೆ, ಅನೇಕರಿಗೆ ಕಣ್ಣಿನಿಂದಲೂ ಬರುತ್ತದೆ. ಆದ್ದರಿಂದ ಸುರ್ವೆಯವರನ್ನು ಓದದಿರಲು ನೆಪವಿಲ್ಲ. ಕನ್ನಡದಲ್ಲಿ ಭೈರಪ್ಪನವರ ‘ಭಿತ್ತಿ’ ಇದೆ. ಬಡತನದ ಹುಡುಗನೊಬ್ಬ ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದ್ದನ್ನೂ ಅಲ್ಲಿ ಓದಬಹುದು. ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಹೇಗೂ ನಮ್ಮ ಕಪಾಟಿನಲ್ಲಿದೆ. ಅದರ ರಟ್ಟು ಕಿತ್ತುಹೋಗಿರುವುದನ್ನು ನೋಡಿದರೆ ಅದಕ್ಕೆ ನಮ್ಮ ಶಿಫಾರಸು ಬೇಕಿಲ್ಲವೆಂದು ತಿಳಿಯುತ್ತದೆ.

ಮುಂಬಯಿಯ ಕನ್ನಡ ಬರಹಗಾರರನ್ನು ಮರೆತೆವೆಂದು ಆಕ್ಷೇಪಿಸಬೇಡಿರಿ. ಚಿತ್ತಾಲರ ‘ಶಿಕಾರಿ’ ಕಂಪೆನಿಯೊಳಗಿನ ಬೇಟೆಯನ್ನು ತೋರಿಸಿತು, ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ೧೯೮೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ನಮ್ಮ ಲೋಕಲ್ ಗಾಡಿಗಳು ಓಡುತ್ತವೆ. ಇವೆಲ್ಲ ನಮಗೆ ಅಭಿಮಾನದ ವಿಷಯ. ಆದರೆ ಇವರು ನಮ್ಮನ್ನು ಕಂಡು ಬರೆದವರು. ದೋಸೆಯ ಕಾವಲಿಯ ಈಚೆಗೆ ನಿಂತು, ಸಾಂಚೆಯ ಮುಂದೆ ನಿಂತು, ಆ ಕೈಯೇ ಬರೆದದ್ದು ಎಷ್ಟಿದೆ? ನಮ್ಮ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ.

ಈ ಮಾತನ್ನು ನಾವು ಸುಮ್ಮನೆ ಆಡುತ್ತಿಲ್ಲ. ೧೯೮೨ರ ಜನವರಿ ೧೮ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಆಮೇಲಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಜಾಗದಲ್ಲಿ ಇಂದು ಏನೇನು ಎದ್ದಿದೆಯೆಂದು ಪರೇಲಿನಿಂದ ಲೋವರ್ ಪರೇಲಿಗೆ ನಡೆದು ಹೋಗುವ ಎಲ್ಲರೂ ಬಲ್ಲರು. ಆಗ ೨೦ ವರ್ಷದ ಬದಲಿ ಕಾರ್ಮಿಕನಾಗಿದ್ದವನಿಗೆ ಈಗ ೬೦ ದಾಟಿದೆ. ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಎಂಬ ಇಬ್ಬರು ಮಹಿಳೆಯರು ಗಿರಣಗಾಂವಿನ ಹಳಬರನ್ನು ಮಾತನಾಡಿಸಿ, ಅವರ ಮಾತನ್ನೇ ಪುಸ್ತಕ ಮಾಡಿ ೨೦೦೪ರಲ್ಲಿ ಹೊರತಂದರು. ‘ನೂರು ವರ್ಷ, ನೂರು ಧ್ವನಿ’ ಎಂದು ಅದರ ಹೆಸರಿನ ಅರ್ಥ. ಬರೆಯುವ ಸಂಕಲ್ಪ ಮಾಡಿದವರಿಗೆ ನಾವು ಕೊಡುವ ಪಟ್ಟಿಯಲ್ಲಿ ಈ ಪುಸ್ತಕಕ್ಕೆ ಮೊದಲ ಸಾಲಿನಲ್ಲೇ ಜಾಗ. ಅದರಲ್ಲಿ ಅಲಂಕಾರವಿಲ್ಲ. ಒಬ್ಬ ಮುದುಕನನ್ನು ಕೂರಿಸಿಕೊಂಡು, ಎಷ್ಟನೆಯ ವಯಸ್ಸಿಗೆ ಗಿರಣಿಗೆ ಸೇರಿದೆ, ಯಾರು ಸೇರಿಸಿದರು, ಮೊದಲ ಸಂಬಳವೆಷ್ಟು, ಎಲ್ಲಿ ಮಲಗುತ್ತಿದ್ದೆ ಎಂದು ಕೇಳುತ್ತ ಹೋದರೆ ಏನೆಲ್ಲ ಹೊರಬರುತ್ತದೆಂದು ಅಲ್ಲಿ ನೋಡಿ ಕಲಿಯಬಹುದು.

ನಮ್ಮಲ್ಲೇ ನಡೆದ ಒಂದು ಸಂಗತಿ ಹೇಳುತ್ತೇವೆ. ಗಿರಣಿ ಕಾರ್ಮಿಕರಿಗೆ ಮನೆ ಕೊಡುವ ಸರಕಾರದ ಯೋಜನೆಗೆ ಅರ್ಜಿ ಬರೆಸಿಕೊಳ್ಳಲು ತೀರಿಹೋದ ಸದಸ್ಯರ ಮಕ್ಕಳು ಸಂಘಕ್ಕೆ ಬರುತ್ತಿದ್ದರು. ತಂದೆ ಯಾವ ಗಿರಣಿ ಎಂದರೆ ಹೇಳುವರು. ಯಾವ ಖಾತೆ, ಯಾವ ವರ್ಷ ಸೇರಿದ್ದು ಎಂದರೆ ಒಬ್ಬರ ಮುಖ ಒಬ್ಬರು ನೋಡುವರು. ಮೂವತ್ತು ವರ್ಷ ದುಡಿದ ಮನುಷ್ಯನ ಬಗ್ಗೆ ಮನೆಯಲ್ಲಿ ಒಂದು ಪುಟ ಬರಹವಿಲ್ಲ! ಆ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಓದಲು ಬರುವುದಿಲ್ಲವೆಂಬುದು ನಿಜ. ಹಾಗೆಂದು ಬರೆಯದೆ ಬಿಡಬೇಕೆ? ಬರೆದಿದ್ದರೆ ಯಾರಾದರೂ ಓದಿ ಹೇಳಿಯಾರು.

ಹಣದ ಮಾತು ಒಂದಿದೆ. ಬರೆಯುವ ಉತ್ಸಾಹದಲ್ಲಿ ಒಂದೇ ಸಲ ನಾಲ್ಕು ಪುಸ್ತಕ ಕೊಂಡು ಊರಿಗೆ ಕಳಿಸುವ ಹಣದಲ್ಲಿ ಕಡಿಮೆ ಮಾಡಬೇಡಿರಿ. ಒಂದು ನೋಟುಬುಕ್ಕು ತುಂಬುವವರೆಗೆ ಎರಡನೆಯ ಕೈಪಿಡಿ ಕೊಳ್ಳಬಾರದೆಂಬುದು ನಮ್ಮ ಕಟ್ಟಳೆ. ಕೈಪಿಡಿ ಓದುವುದೂ ಒಂದು ಚಟ. ಅದನ್ನು ಓದುತ್ತಿರುವಷ್ಟು ಕಾಲ ಬರೆಯುತ್ತಿದ್ದೇವೆಂದೇ ಅನ್ನಿಸುತ್ತದೆ, ಪುಟ ಮಾತ್ರ ಬಿಳಿಯಾಗಿಯೇ ಇರುತ್ತದೆ.

ವಾಚನಾಲಯದ ಬಾಗಿಲಿನ ಎಡಗಡೆಯ ಕಪಾಟಿನ ಮೇಲಿನ ಅರೆಯಲ್ಲಿ, ಇಂದು ಹೆಸರಿಸಿದವುಗಳಲ್ಲಿ ನಮ್ಮಲ್ಲಿರುವ ಪುಸ್ತಕಗಳನ್ನು ಬೇರೆಯಾಗಿ ಇಟ್ಟಿದ್ದೇವೆ. ನಿಘಂಟನ್ನು ಮನೆಗೆ ಕೊಡುವುದಿಲ್ಲ, ಉಳಿದವನ್ನು ಹದಿನೈದು ದಿನಕ್ಕೆ ಕೊಡುತ್ತೇವೆ. ಗೆರೆ ಹಾಕಿದ ನೋಟುಬುಕ್ಕುಗಳನ್ನು ಸಂಘದ ಖರ್ಚಿನಲ್ಲಿ ತರಿಸಿದೆ. ಹೆಸರು ಬರೆಸಿ ಒಯ್ಯಿರಿ. ಸೋಮವಾರ ಸಂಜೆ ಇಬ್ಬರು ಸದಸ್ಯರು ಇಲ್ಲಿ ಕುಳಿತಿರುತ್ತಾರೆ. ಬರೆಯಲು ಬಾರದ, ಕಣ್ಣು ಕಾಣದ ಹಿರಿಯರು ಬಂದು ಹೇಳಿದರೆ ಅವರು ಹೇಳಿದಂತೆಯೇ ಬರೆದುಕೊಳ್ಳುತ್ತಾರೆ, ಓದಿ ಕೇಳಿಸುತ್ತಾರೆ, ಒಪ್ಪಿದ ಮೇಲೆ ಹೆಸರು ಹಾಕಿಸುತ್ತಾರೆ. ಯುಗಾದಿಯ ಸಂಚಿಕೆಯಲ್ಲಿ ಇದಕ್ಕಾಗಿ ನಾಲ್ಕು ಪುಟ ತೆಗೆದಿಟ್ಟಿದ್ದೇವೆ. ಗಿರಣಿಯ ಹಿರಿಯರದು ಮೊದಲು ಬರಲಿ.